ನಿಂಬೆ ಗಿಡ ಚಳಿಗೆ ಸತ್ತಿತೆ?

ಹೋದ ಸಂಕ್ರಾಂತಿ ಕಳೆದು ಒಂದು ವಾರಕ್ಕೆ ನನ್ನ ಸೋದರಮಾವ ಫೋನ್ ಮಾಡಿದರು. ಅವರದು ತಿ. ನರಸೀಪುರ ತಾಲ್ಲೂಕಿನ ನಾಲೆ ಬಯಲಿನ ಒಂದು ಊರು. "ಒಂದ್ಸಲ ಬಂದು ನೋಡ್ಬುಟ್ಟು ಹೋಗಪ್ಪ. ನಿಂಬೆ ಗಿಡವೆಲ್ಲ ಹೋಗ್ಬುಡ್ತು. ಈ ಸಲದ ಮಾಗಿ ಚಳಿ ಸುಟ್ಟಾಕ್ಬುಡ್ತು ಕನಪ್ಪ" ಅಂದರು. ಪೇಪರಿಗೆ ಬರೆಯುವವನು ಅಂತ ಕರೆದರೋ, ಅಳಿಯ ಅಂತ ಕರೆದರೋ ನನಗೆ ಇವತ್ತಿಗೂ ಗೊತ್ತಿಲ್ಲ. ನಂಜನಗೂಡಿನಲ್ಲಿ ಒಂದು ಸಭೆಯ ವರದಿ ಮುಗಿಸಿಕೊಂಡು ಬೈಕಿನಲ್ಲಿ ಹೋದೆ.

ಇಪ್ಪತ್ತು ಗುಂಟೆ ಗದ್ದೆ. ಮೂರು ವರ್ಷದ ಹಿಂದೆ ಭತ್ತ ಬಿಟ್ಟು ಅರವತ್ತು ನಿಂಬೆ ಗಿಡ ಹಾಕಿದ್ದರು. ಭತ್ತಕ್ಕೆ ಆಳು ಸಿಗುವುದಿಲ್ಲ, ನಿಂಬೆಗಾದರೆ ದೊಡ್ಡ ಜಾತ್ರೆ ಹೊತ್ತಿಗೆ ಒಳ್ಳೆ ರೇಟು ಇರುತ್ತದೆ ಅನ್ನುವುದು ಅವರ ಲೆಕ್ಕ. ಲೆಕ್ಕ ತಪ್ಪೇನಲ್ಲ. ಆದರೆ ಮೂರು ವರ್ಷ ಆ ಗದ್ದೆಯಲ್ಲಿ ಒಂದು ಮೂಟೆ ಭತ್ತವೂ ಇಲ್ಲ, ಈಗ ನಿಂಬೆಯೂ ಇಲ್ಲ. ಇವರನ್ನು ನೋಡಿ ಪಕ್ಕದ ಜಮೀನಿನ ಇಬ್ಬರು ಗುಂಡಿ ತೋಡಿಸಿಟ್ಟಿದ್ದರು. ಅವರೂ ಬಂದು ಬದುವಿನ ಮೇಲೆ ನಿಂತಿದ್ದರು.

ಮಾವ ಫೋನ್ ತೆಗೆದು ಒಂದು ವಿಡಿಯೊ ತೋರಿಸಿದರು. ಯಾವುದೋ ಚಳಿ ದೇಶ. ಒಬ್ಬ ಮನುಷ್ಯ ನಿಂಬೆ ಗಿಡಕ್ಕೆ ಮಗುವಿಗೆ ಹೊದಿಸಿದ ಹಾಗೆ ಬಟ್ಟೆ ಹೊದಿಸಿ, ಒಳಗೆ ಬಲ್ಬು ಹಚ್ಚುತ್ತಾನೆ. "ನಾವೂ ಹಿಂಗೆ ಮಾಡ್ಬೇಕಿತ್ತಾ?" ಅಂತ ಕೇಳಿದರು.

ಆ ಪ್ರಶ್ನೆಯನ್ನು ಹಿಡಿದುಕೊಂಡು ಎರಡು ಮೂರು ತಿಂಗಳು ಓದಿದೆ, ತಿಳಿದವರನ್ನು ಕೇಳಿದೆ. ಚಳಿಯಲ್ಲಿ ನಿಂಬೆ ಬೆಳೆದವರ ಚರಿತ್ರೆ ದೊಡ್ಡದು. ನಮ್ಮ ಮಾವನ ಇಪ್ಪತ್ತು ಗುಂಟೆಗೆ ಬೇಕಾದ ಉತ್ತರ ಅದರಲ್ಲೇ ಇತ್ತು, ಆದರೆ ನಾನು ಹುಡುಕಿದ ಕಡೆ ಅಲ್ಲ.

ಮೊದಲು ಒಂದು ಗೊಂದಲ ಬಿಡಿಸಬೇಕು. ಆ ವಿಡಿಯೊದಲ್ಲಿದ್ದ ಲೆಮನ್ ನಮ್ಮ ನಿಂಬೆ ಅಲ್ಲ. ನಾವು ಪಾನಕಕ್ಕೆ ಹಿಂಡುವ, ಹೊಸ ಗಾಡಿಯ ಚಕ್ರದ ಕೆಳಗೆ ಇಡುವ, ಹೋಳು ಮಾಡಿ ತಿರುವಿ ದೇವಿಗೆ ದೀಪ ಹಚ್ಚುವ ದುಂಡನೆಯ ತೆಳು ಸಿಪ್ಪೆಯ ಹಣ್ಣನ್ನು ಇಂಗ್ಲಿಷಿನವರು ಲೈಮ್ ಅನ್ನುತ್ತಾರೆ. ಅವರ ಲೆಮನ್ ಅದಕ್ಕಿಂತ ದೊಡ್ಡದು, ದಪ್ಪ ಸಿಪ್ಪೆ, ತುದಿಯಲ್ಲಿ ಮೊಲೆ ತೊಟ್ಟಿನಂಥ ಚೂಪು. ಎರಡೂ ಒಂದು ರೀತಿಯಲ್ಲಿ ದಾಯಾದಿಗಳು. ಮಾದಲ ಹಣ್ಣಿನ ಗಿಡವೂ ಹುಳಿ ಕಿತ್ತಳೆಯೂ ಬೆರೆತು ಲೆಮನ್ ಹುಟ್ಟಿತು. ಅದೇ ಮಾದಲ ಬೇರೊಂದು ಕಾಡು ಜಾತಿಯ ಜೊತೆ ಬೆರೆತು ನಮ್ಮ ನಿಂಬೆ ಹುಟ್ಟಿತು. 2018ರಲ್ಲಿ ವಿಜ್ಞಾನಿಗಳು ಈ ಜಾತಿಯ ಗಿಡಗಳ ವಂಶವಾಹಿಗಳನ್ನೆಲ್ಲ ಹೋಲಿಸಿ ನೋಡಿ, ಇಡೀ ಕುಲದ ತವರು ಹಿಮಾಲಯದ ಆಗ್ನೇಯ ತಪ್ಪಲು ಅಂದರು. ಅಂದರೆ ಅಸ್ಸಾಂ, ಮ್ಯಾನ್ಮಾರ್, ಚೀನಾದ ಯುನ್ನಾನ್ ಸೇರುವ ಕಡೆ.

ಅಲ್ಲಿಂದ ಹೊರಟ ಹಣ್ಣು ತನ್ನ ಹೆಸರನ್ನೂ ಕಟ್ಟಿಕೊಂಡು ಹೋಯಿತು. ನಮ್ಮ ನಿಂಬೆ, ಹಿಂದಿಯ ನಿಂಬು, ಪರ್ಷಿಯಾದಲ್ಲಿ ಲೀಮು, ಅರಬರ ಬಾಯಲ್ಲಿ ಲೈಮೂನ್, ಇಟಲಿಯಲ್ಲಿ ಲಿಮೋನೆ, ಕೊನೆಗೆ ಇಂಗ್ಲಿಷಿನ ಲೆಮನ್. ಹೆಸರಿಗೆ ಚಳಿ ಇಲ್ಲ, ಎಲ್ಲಿಗಾದರೂ ಹೋಗುತ್ತದೆ. ಗಿಡಕ್ಕೆ ಇದೆ. ನೀರು ಹೆಪ್ಪುಗಟ್ಟುವ ಸೊನ್ನೆ ಡಿಗ್ರಿಗಿಂತ ಒಂದೆರಡು ಡಿಗ್ರಿ ಕೆಳಗೆ ಹೋದರೆ ನಮ್ಮ ನಿಂಬೆಯ ಎಲೆ ಚಿಗುರು ಸುಟ್ಟಂತಾಗುತ್ತದೆ. ಲೆಮನ್ ಇನ್ನೊಂದೆರಡು ಡಿಗ್ರಿ ತಡೆಯುತ್ತದೆ. ಕಿತ್ತಳೆ ಅದಕ್ಕಿಂತ ಗಟ್ಟಿ. ಈ ಸೊನ್ನೆ ಅನ್ನುವ ಗೆರೆಯನ್ನು ನೆನಪಿಟ್ಟುಕೊಳ್ಳಿ.

ಚಳಿ ದೇಶದವರಿಗೆ ಈ ಹಣ್ಣಿನ ಮೇಲೆ ಅಷ್ಟು ಆಸೆ ಯಾಕೆ ಅಂದರೆ, ರುಚಿ ಒಂದು, ಔಷಧ ಇನ್ನೊಂದು. ತಿಂಗಳುಗಟ್ಟಲೆ ಸಮುದ್ರದ ಮೇಲಿರುವ ನಾವಿಕರಿಗೆ ವಸಡು ಕೊಳೆತು, ಹಳೆ ಗಾಯ ಬಾಯಿ ಬಿಟ್ಟು ಸಾಯುವ ಸ್ಕರ್ವಿ ಕಾಯಿಲೆ ಬರುತ್ತಿತ್ತು. 1747ರಲ್ಲಿ ಜೇಮ್ಸ್ ಲಿಂಡ್ ಅನ್ನುವ ಹಡಗಿನ ವೈದ್ಯ ಹನ್ನೆರಡು ರೋಗಿಗಳನ್ನು ಇಬ್ಬಿಬ್ಬರ ಜೋಡಿ ಮಾಡಿ ಬೇರೆ ಬೇರೆ ಮದ್ದು ಕೊಟ್ಟ. ದಿನಕ್ಕೆ ಎರಡು ಕಿತ್ತಳೆ, ಒಂದು ಲೆಮನ್ ತಿಂದ ಜೋಡಿ ವಾರದೊಳಗೆ ಎದ್ದು ಓಡಾಡಿತು. ಇಷ್ಟು ಕಣ್ಣಿಗೆ ಕಂಡರೂ ಬ್ರಿಟಿಷ್ ನೌಕಾಪಡೆ ಎಲ್ಲರಿಗೂ ಆ ರಸ ಕೊಡಲು 1795 ಆಗಬೇಕಾಯಿತು. ಸರ್ಕಾರದ ಫೈಲು ಎಲ್ಲ ಕಾಲದಲ್ಲೂ ಹೀಗೇ ಅಂತ ಕಾಣುತ್ತದೆ.

ಇನ್ನು ರಾಜರ ವಿಷಯ. ಫ್ರಾನ್ಸಿನ ದೊರೆ ಹದಿನಾಲ್ಕನೇ ಲೂಯಿ ವರ್ಸೇಲ್ಸ್ ಅರಮನೆಯ ಮಗ್ಗುಲಲ್ಲಿ 1684ರಿಂದ 1686ರವರೆಗೆ ಕಿತ್ತಳೆ, ನಿಂಬೆಗಳಿಗೆಂದೇ ಒಂದು ಕಲ್ಲಿನ ಮನೆ ಕಟ್ಟಿಸಿದ. ಗಿಡಗಳೆಲ್ಲ ಮರದ ಪೆಟ್ಟಿಗೆಯಲ್ಲಿ. ಬೇಸಿಗೆಯಲ್ಲಿ ಅಂಗಳಕ್ಕೆ, ಚಳಿ ಶುರುವಾದರೆ ಒಳಕ್ಕೆ. ದಪ್ಪ ಗೋಡೆ, ದಕ್ಷಿಣಕ್ಕೆ ದೊಡ್ಡ ಕಿಟಕಿ. ಇವತ್ತಿಗೂ ಅಲ್ಲಿ ಸಾವಿರಕ್ಕೂ ಹೆಚ್ಚು ಪೆಟ್ಟಿಗೆ ಗಿಡಗಳಿವೆ. ಇದು ಶೋಕಿ. ರೈತರಾಗಿ ನಾವು ನೋಡಬೇಕಾದದ್ದು ಇಟಲಿಯ ಗಾರ್ಡಾ ಸರೋವರದ ದಡದವರನ್ನು.

ಗಾರ್ಡಾ ಇರುವುದು ಆಲ್ಪ್ಸ್ ಬೆಟ್ಟದ ಬುಡದಲ್ಲಿ. ಅಷ್ಟು ಉತ್ತರದಲ್ಲಿ ವ್ಯಾಪಾರಕ್ಕೆಂದು ಲೆಮನ್ ಬೆಳೆದ ಜಾಗ ಬೇರೊಂದಿಲ್ಲ ಎನ್ನುತ್ತಾರೆ. ಅಲ್ಲಿನ ಜನ ಬೆಟ್ಟವನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿದು, ಮೂರು ಕಡೆ ಎತ್ತರದ ಗೋಡೆ ಕಟ್ಟಿ, ಸರೋವರದ ಕಡೆ ಸಾಲಾಗಿ ಕಲ್ಲಿನ ಕಂಬ ನಿಲ್ಲಿಸಿದರು. ನವೆಂಬರ್ ಬಂತೆಂದರೆ ಕಂಬದ ಮೇಲೆ ತೊಲೆ ಹಾಯಿಸಿ, ಹಲಗೆ ಹೊದಿಸಿ, ಮುಂದೆ ಗಾಜಿನ ಚೌಕಟ್ಟು ಕೂರಿಸುವುದು. ಮಾರ್ಚಿನಲ್ಲಿ ಎಲ್ಲ ಬಿಚ್ಚಿಡುವುದು. ಚಳಿ ತೀರಾ ಹೆಚ್ಚಿದ ರಾತ್ರಿ ಒಳಗೆ ಬೆಂಕಿ ಹಾಕಿಕೊಂಡು ಕಾಯುವುದು. ನಮ್ಮಲ್ಲಿ ಹಂದಿ ಕಾಯಲು ಅಟ್ಟಣೆಯಲ್ಲಿ ಕೂರುವ ಹಾಗೆ. 1786ರ ಸೆಪ್ಟೆಂಬರಿನಲ್ಲಿ ಜರ್ಮನಿಯ ಕವಿ ಗೋಯ್ಥೆ ದೋಣಿಯಲ್ಲಿ ಹೋಗುವಾಗ ಈ ಕಂಬಗಳ ಸಾಲು ನೋಡಿ ಬರೆದಿಟ್ಟಿದ್ದಾನೆ. ಅಲ್ಲಿಂದ ಹಣ್ಣು ಜರ್ಮನಿ, ಪೋಲೆಂಡ್, ರಷ್ಯಾವರೆಗೆ ಹೋಗುತ್ತಿತ್ತು.

ಇನ್ನೂರು ವರ್ಷಕ್ಕೂ ಹೆಚ್ಚು ಕಾಲ ಚಳಿಯ ಜೊತೆ ಹೀಗೆ ಗುದ್ದಾಡಿ ಗೆದ್ದ ಜನ ಯಾವುದರಿಂದ ಸೋತರು ಗೊತ್ತೆ? ನಾನೂ ಚಳಿ ಅಂತಲೇ ಅಂದುಕೊಂಡಿದ್ದೆ. ಅಲ್ಲ. 1850ರ ದಶಕದಲ್ಲಿ ಆ ಗಿಡಗಳ ಬುಡದಲ್ಲಿ ಅಂಟು ಒಸರತೊಡಗಿತು. ನೆಲಕ್ಕೆ ತಾಗಿದ ತೊಗಟೆ ಕಂದಾಗಿ ಕೊಳೆತು, ಎಲೆ ಹಳದಿಯಾಗಿ, ಗಿಡ ನಿಂತಲ್ಲೇ ಒಣಗಿತು. ಅಲ್ಲಿನವರು ಅದನ್ನು ಅಂಟಿನ ರೋಗ ಅಂದೇ ಕರೆದರು. ಗೋಡೆ, ಗಾಜು, ಬೆಂಕಿ ಯಾವುದೂ ಅದನ್ನು ತಡೆಯಲಿಲ್ಲ. ಆಮೇಲೆ ಇಟಲಿ ಒಂದು ದೇಶವಾಗಿ, ರೈಲು ಬಂದು, ದಕ್ಷಿಣದ ಸಿಸಿಲಿಯ ಅಗ್ಗದ ಹಣ್ಣು ಮಾರುಕಟ್ಟೆ ತುಂಬಿತು. 1928-29ರ ಭಯಂಕರ ಚಳಿ ಬಂದಾಗ ಉಳಿದಿದ್ದದ್ದೇ ಅಷ್ಟೊ ಇಷ್ಟೊ. ಈಗ ಅಲ್ಲಿ ಕಂಬಗಳಿವೆ, ಪ್ರವಾಸಿಗರಿದ್ದಾರೆ.

ಇದನ್ನು ಓದುತ್ತಿದ್ದಾಗ ನನಗೆ ಮಾವನ ಗದ್ದೆ ಕಣ್ಣಿಗೆ ಬಂತು.

ಆವತ್ತು ನಾನು ನೋಡಿದ್ದೂ ಅದನ್ನೇ. ಸತ್ತ ಗಿಡದ ಬುಡದ ಮಣ್ಣು ಕೆದಕಿ ತೊಗಟೆಯನ್ನು ಉಗುರಿನಿಂದ ಕೆರೆದರೆ ಒಳಗೆ ಹಸಿರಿಲ್ಲ, ಕಂದು. ಹುಳಿ ವಾಸನೆ. ಒಂದು ಗೇಣು ಮೇಲೆ ಬೆಲ್ಲದ ಪಾಕದಂಥ ಅಂಟು ಗಟ್ಟಿಯಾಗಿತ್ತು. ಚಳಿಗೆ ಸಾಯುವ ಗಿಡ ತುದಿಯಿಂದ ಸುಡುತ್ತಾ ಬರುತ್ತದೆ. ಇವು ಬುಡದಿಂದ ಸತ್ತಿದ್ದವು.

ಇನ್ನೊಂದು ಸಾಕ್ಷಿ ಎಲ್ಲರ ಕಣ್ಣ ಮುಂದೆಯೇ ಇತ್ತು, ಯಾರೂ ಅದರ ಮಾತೆತ್ತಿರಲಿಲ್ಲ. ಅರವತ್ತರಲ್ಲಿ ಮೂರು ಗಿಡ ಹಸಿರಾಗಿ ನಿಂತಿದ್ದವು. ಮೂರೂ ಬದುವಿನ ಮೇಲೆ. ಗುಂಡಿ ಸಾಲದೆ ಮಿಕ್ಕ ಸಸಿಗಳನ್ನು ಅತ್ತೆ ಅಲ್ಲಿ ಸುಮ್ಮನೆ ನೆಟ್ಟಿದ್ದರಂತೆ. ಗದ್ದೆಯ ಒಳಗೂ ಬದುವಿನ ಮೇಲೂ ಬಿದ್ದ ಚಳಿ ಒಂದೇ. ವ್ಯತ್ಯಾಸ ಇದ್ದದ್ದು ಒಂದೂವರೆ ಅಡಿ ಎತ್ತರದಲ್ಲಿ ಮತ್ತು ನೀರಿನಲ್ಲಿ.

ನಮ್ಮ ಚಳಿ ಎಷ್ಟು ಅಂತಲೂ ನೋಡೋಣ. ಮೈಸೂರಿನಲ್ಲಿ ದಾಖಲಾದ ಅತಿ ಕಡಿಮೆ ಉಷ್ಣಾಂಶವೇ 7.7 ಡಿಗ್ರಿ. ಅದು 2012ರ ಜನವರಿಯಲ್ಲಿ. ನಂಜನಗೂಡು, ತಿ. ನರಸೀಪುರ ಅದಕ್ಕಿಂತ ತಗ್ಗಿನ ಊರುಗಳು. ನಿಂಬೆ ಸುಡುವ ಸೊನ್ನೆಯ ಗೆರೆಗೆ ನಾವು ಎಂದೂ ಹತ್ತಿರ ಹೋಗಿಲ್ಲ. ಹದಿಮೂರು ಡಿಗ್ರಿಗಿಂತ ಕೆಳಗಿಳಿದ ರಾತ್ರಿಗಳಲ್ಲಿ ಗಿಡ ಬೆಳೆಯುವುದನ್ನು ನಿಲ್ಲಿಸಿ ಮಲಗುತ್ತದೆ, ಅಷ್ಟೆ. ಆ ಮಲಗುವುದೂ ಒಳ್ಳೆಯದೇ. ಚಳಿಯೋ ಒಣಹವೆಯೋ ಒಂದಿಷ್ಟು ತಡೆದು ನಿಲ್ಲಿಸಿದರೆ ಈ ಜಾತಿಯ ಗಿಡ ಆಮೇಲೆ ಚೆನ್ನಾಗಿ ಹೂ ಕಟ್ಟುತ್ತದೆ. ಕಿತ್ತಳೆಗೆ ಆ ಬಣ್ಣ ಬರುವುದೂ ತಂಪು ರಾತ್ರಿಗಳಿಂದ. ತೀರಾ ಸೆಕೆಯ ಊರಿನಲ್ಲಿ ಹಣ್ಣಾದರೂ ಹಸಿರಾಗಿಯೇ ಇರುತ್ತದೆ.

ನಿಜವಾದ ಹಿಮದ ಚಳಿ ನೋಡಬೇಕೆಂದರೆ ನಂಜನಗೂಡಿನಿಂದ ಗುಂಡ್ಲುಪೇಟೆ, ಬಂಡೀಪುರ ದಾಟಿ ಊಟಿಗೆ ಹೋಗಿ. 2,200 ಮೀಟರಿಗೂ ಮೇಲಿನ ಆ ಊರಿನಲ್ಲಿ ಡಿಸೆಂಬರ್, ಜನವರಿಯ ಬೆಳಗ್ಗೆ ಹುಲ್ಲಿನ ಮೇಲೆ ಉಪ್ಪು ಚೆಲ್ಲಿದ ಹಾಗೆ ಹಿಮ ಕೂತಿರುತ್ತದೆ. ಅದೂ ತಗ್ಗಿನಲ್ಲೇ ಹೆಚ್ಚು. ತಣ್ಣನೆ ಗಾಳಿ ಭಾರ, ನೀರಿನಂತೆ ಇಳಿಜಾರಿನಲ್ಲಿ ಹರಿದು ಕೆಳಗೆ ನಿಲ್ಲುತ್ತದೆ. ಬ್ರಿಟಿಷರು ಆ ಘಟ್ಟದಲ್ಲಿ ತಂಪಿಗೆ ಒಗ್ಗುವ ಹಣ್ಣುಗಳನ್ನು ಕೂನೂರಿನ ಮಟ್ಟದಲ್ಲಿ, ಬೆಚ್ಚಗಿರಬೇಕಾದ್ದನ್ನು ಕೆಳಗಿನ ಬರ್ಲಿಯಾರ್, ಕಲ್ಲಾರ್ ತೋಟಗಳಲ್ಲಿ ಬೆಳೆಸಿದರು. ಒಂದೇ ಘಟ್ಟ, ಒಂದೊಂದು ತಿರುವಿಗೂ ಒಂದೊಂದು ಹವೆ.

ನಮಗೆ ಇನ್ನೂ ಹತ್ತಿರದ ಕಥೆ ಕೊಡಗಿನದು. ಮಡಿಕೇರಿ, ವಿರಾಜಪೇಟೆ ಕಡೆಯ ತಂಪು ಬೆಟ್ಟದಲ್ಲಿ ಕಾಫಿ ಗಿಡಗಳ ನಡುವೆ ಕಿತ್ತಳೆ ಮರ ಬೆಳೆದು ನಿಂತಿದ್ದ ಕಾಲವೊಂದಿತ್ತು. ಮೈಸೂರಿನ ಮಾರುಕಟ್ಟೆಗೆ ಕೊಡಗಿನ ಕಿತ್ತಳೆ ಬಂತು ಅಂದರೆ ಆ ವಾಸನೆಯೇ ಬೇರೆ ಅನ್ನುವ ಹಿರಿಯರು ಇನ್ನೂ ಇದ್ದಾರೆ. ತಂಪು ಆ ಮರಗಳಿಗೆ ಏನೂ ಮಾಡಲಿಲ್ಲ, ಹಣ್ಣಿಗೆ ಬಣ್ಣ ಕೊಟ್ಟಿತು. ಮರ ಸಾಯತೊಡಗಿದ್ದು ರೋಗಗಳಿಂದ. ಎಲೆ ಹಳದಿಯಾಗಿಸಿ ಕಾಯಿ ಕಹಿ ಮಾಡುವ, ಸಣ್ಣ ಜಿಗಿಹುಳು ಹರಡುವ ಗ್ರೀನಿಂಗ್ ರೋಗ. ಟ್ರಿಸ್ಟೆಜಾ ಅನ್ನುವ ವೈರಸ್. ಮಳೆಗಾಲದ ಬುಡಕೊಳೆ. ಜೊತೆಗೆ ಸತುವಿನಂಥ ಪೋಷಕಾಂಶದ ಕೊರತೆ. ಮರ ಒಣಗುವುದು ಯಾಕೆ ಅಂತ ತಿಳಿಯಲು ಚೆಟ್ಟಳ್ಳಿಯಲ್ಲಿ 1940ರ ದಶಕದಲ್ಲೇ ಸಂಶೋಧನೆ ಶುರುವಾಯಿತು. ಆದರೂ ಸಾವಿರಾರು ಎಕರೆಯ ಕಿತ್ತಳೆ ಹೋಗಿ ಅಲ್ಲಿ ಮೆಣಸು, ಕಾಫಿ ಮಾತ್ರ ಉಳಿಯಿತು.

ಕೊಡಗಿನ ಕಿತ್ತಳೆಗೂ ನಮ್ಮ ನಂಜನಗೂಡು ರಸಬಾಳೆಗೂ ಜಿಐ ಮಾನ್ಯತೆ ಸಿಕ್ಕಿದ್ದು ಹೆಚ್ಚು ಕಡಿಮೆ ಒಟ್ಟಿಗೆ. ಇಬ್ಬರಿಗೂ ಪ್ರಶಸ್ತಿ ಬಂದಾಗ ಇಬ್ಬರೂ ಹಾಸಿಗೆ ಹಿಡಿದಿದ್ದರು ಅನ್ನಬಹುದು. ದೇವರಸನಹಳ್ಳಿಯ ಹಿರಿಯರನ್ನು ಕೇಳಿ. ರಸಬಾಳೆಯನ್ನು ತೆಗೆದದ್ದು ಬಿಸಿಲೂ ಅಲ್ಲ, ಚಳಿಯೂ ಅಲ್ಲ. ಮಣ್ಣಿನಲ್ಲಿ ಕೂತ ಪನಾಮಾ ಸೊರಗು ರೋಗ. ಗಿಡ ಸತ್ತಾಗ ನಾವು ಆಕಾಶ ನೋಡುತ್ತೇವೆ, ಕಾರಣ ಕಾಲ ಕೆಳಗೆ ಇರುತ್ತದೆ.

ಈಗ ಆ ಅಂಟಿನ ರೋಗದ ಕಥೆಗೆ ಬರುತ್ತೇನೆ. ಅದು ಮೊದಲು ದೊಡ್ಡದಾಗಿ ಕಂಡದ್ದು ಅಟ್ಲಾಂಟಿಕ್ ಸಮುದ್ರದ ಅಜೋರ್ಸ್ ದ್ವೀಪಗಳಲ್ಲಿ, 1830ರ ದಶಕದಲ್ಲಿ. ಆ ದ್ವೀಪದವರು ಇಂಗ್ಲೆಂಡಿಗೆ ಕಿತ್ತಳೆ ಕಳಿಸಿ ಬದುಕುತ್ತಿದ್ದರು. ಅಲ್ಲಿಂದ ಪೋರ್ಚುಗಲ್, ಆಮೇಲೆ ಗಾರ್ಡಾ, ಸಿಸಿಲಿ. ಕಾರಣ ಫೈಟೊಫ್ತೋರಾ ಅನ್ನುವ ಬೂಷ್ಟಿನಂಥ ಜೀವಿ. ಗ್ರೀಕ್ ಭಾಷೆಯಲ್ಲಿ ಆ ಹೆಸರಿಗೆ ಗಿಡ ನಾಶಕ ಎಂದೇ ಅರ್ಥ. ಅದರ ಬೀಜಕಣಗಳಿಗೆ ಬಾಲವಿದೆ, ನೀರಿನಲ್ಲಿ ಈಜುತ್ತವೆ. ಮಣ್ಣಿನಲ್ಲಿ ನೀರು ನಿಂತರೆ ಈಜಿಕೊಂಡು ಹೋಗಿ ಬೇರಿಗೆ, ಬುಡದ ತೊಗಟೆಗೆ ಹತ್ತುತ್ತವೆ. ನೀರು ನಿಲ್ಲದಿದ್ದರೆ ಅವಕ್ಕೆ ದಾರಿಯೇ ಇಲ್ಲ.

ಈ ಕುಲ ನಮಗೆ ಹೊಸದಲ್ಲ. ಅಡಿಕೆಯ ಕೊಳೆರೋಗ ಇದೇ ಕುಲದ್ದು. ಕರಿಮೆಣಸಿನ ಶೀಘ್ರ ಸೊರಗು ಇದೇ. 1845ರಿಂದ ಐರ್ಲೆಂಡಿನಲ್ಲಿ ಆಲೂಗಡ್ಡೆ ಕೊಳೆಸಿ ಲಕ್ಷಗಟ್ಟಲೆ ಜನರನ್ನು ಹಸಿವಿನಿಂದ ಕೊಂದದ್ದೂ ಇದರದೇ ದಾಯಾದಿ. ಮೈಸೂರು ಸಂಸ್ಥಾನದಲ್ಲಿ ಅಡಿಕೆಯ ಕೊಳೆರೋಗಕ್ಕೆ ಕಾರಣ ಇದೇ ಕುಲ ಎಂದು ಗುರುತಿಸಿ, ಬೋರ್ಡೋ ದ್ರಾವಣ ಸಿಂಪಡಿಸುವುದನ್ನು ರೈತರಿಗೆ ಕಲಿಸಿದವರು ಲೆಸ್ಲಿ ಕೋಲ್‌ಮನ್. ಕೆನಡಾದವರು, 1908ರ ಸುಮಾರಿಗೆ ಇಲ್ಲಿಗೆ ಬಂದು ಮುಂದೆ ಸಂಸ್ಥಾನದ ಕೃಷಿ ನಿರ್ದೇಶಕರಾದರು. ಮೈಲುತುತ್ತವೂ ಸುಣ್ಣವೂ ಸೇರಿದ ಆ ದ್ರಾವಣ 1880ರ ದಶಕದಲ್ಲಿ ಫ್ರಾನ್ಸಿನ ದ್ರಾಕ್ಷಿ ತೋಟದಲ್ಲಿ ಹುಟ್ಟಿದ್ದು. ಮಲೆನಾಡಿನ ಅಡಿಕೆ ಬೆಳೆಗಾರರಿಗೆ ಅದು ಮನೆ ಮಾತು. ನಮ್ಮ ಬಯಲಿನ ನಿಂಬೆಯವರಲ್ಲಿ ಎಷ್ಟು ಜನ ಅದನ್ನು ಗಟ್ಟಿಯಾಗಿ ಕಲಸಿ ಬುಡಕ್ಕೆ ಹಚ್ಚುತ್ತೇವೆ?

ಅಂಟಿನ ರೋಗಕ್ಕೆ ಯುರೋಪಿನವರು ಕಂಡುಕೊಂಡ ದಾರಿ ಕಸಿ. ಬುಡಕೊಳೆ ತಡೆಯುವ ಹುಳಿ ಕಿತ್ತಳೆಯ ಬೇರಿನ ಮೇಲೆ ಸಿಹಿ ಕಿತ್ತಳೆ, ಲೆಮನ್ ಕಣ್ಣು ಕೂರಿಸುವುದು. ಜಗತ್ತೆಲ್ಲ ಹಾಗೇ ಮಾಡಿತು. ಅದೂ ಶಾಶ್ವತ ಆಗಲಿಲ್ಲ. 1930ರ ದಶಕದಿಂದ ದಕ್ಷಿಣ ಅಮೆರಿಕದಲ್ಲಿ ಅದೇ ಹುಳಿ ಕಿತ್ತಳೆ ಬೇರಿನ ಕೋಟಿಗಟ್ಟಲೆ ಮರಗಳು ವೈರಸ್ಸಿನಿಂದ ಒಣಗಿದವು. ಅದಕ್ಕೆ ಬ್ರೆಜಿಲಿನವರು ಇಟ್ಟ ಹೆಸರೇ ಟ್ರಿಸ್ಟೆಜಾ, ಅಂದರೆ ದುಃಖ. ಕೊಡಗಿನಲ್ಲಿ ಹೇಳಿದೆನಲ್ಲ, ಅದೇ. ಒಂದು ರೋಗಕ್ಕೆ ಗೋಡೆ ಕಟ್ಟಿದರೆ ಇನ್ನೊಂದು ಹಿತ್ತಲಿನಿಂದ ಬರುತ್ತದೆ. ಆದರೆ ಕಸಿಯ ಗಂಟು ಮಣ್ಣಿನಿಂದ ಮೇಲಿರಬೇಕು ಅನ್ನುವ ಆಗಿನ ಪಾಠ ಮಾತ್ರ ಇವತ್ತಿಗೂ ಬದಲಾಗಿಲ್ಲ.

ಮಾವನ ಗದ್ದೆಯಲ್ಲಿ ಏನಾಗಿತ್ತು ಅಂದರೆ, ಗಿಡವನ್ನು ಗುಂಡಿಯಲ್ಲಿ ಗಂಟು ಮುಳುಗುವಷ್ಟು ಆಳಕ್ಕೆ ಇಳಿಸಿ ನೆಟ್ಟಿದ್ದರು. ಬುಡದ ಸುತ್ತ ಪಾತಿ ಮಾಡಿ, ಬಾಳೆಗೆ ಬಿಡುವ ಹಾಗೆ ನಾಲೆ ನೀರು ತುಂಬಿಸಿದ್ದರು. ಗಾಡಿಯಲ್ಲಿ ಸಸಿ ತಂದು ಮಾರಿದವರು ಹಾಗೇ ಹೇಳಿಕೊಟ್ಟಿದ್ದರಂತೆ, ರೋಗ ಸಸಿಯ ಜೊತೆಯಲ್ಲೇ ಬಂತೋ ಏನೊ, ಅದನ್ನು ಈಗ ಯಾರು ಹೇಳಬೇಕು. ಆದರೆ ನೆಲವೇ ಭತ್ತಕ್ಕೆಂದು ಹದವಾದದ್ದು. ಕಬಿನಿ ಅಣೆಕಟ್ಟೆ 1974ರಲ್ಲಿ ಆದ ಮೇಲೆ, ಆಮೇಲೆ ಇನ್ನಷ್ಟು ನಾಲೆಗಳು ಬಂದ ಮೇಲೆ, ನಮ್ಮ ಎರಡು ತಾಲ್ಲೂಕಿನ ಎಷ್ಟೋ ಜಮೀನು ನೀರು ನಿಲ್ಲಿಸಿಕೊಳ್ಳುವುದನ್ನೇ ಕಲಿತಿದೆ. ವರ್ಷ ವರ್ಷ ಕೆಸರು ಉತ್ತು ಉತ್ತು ಅರ್ಧ ಅಡಿ ಕೆಳಗೆ ಮಣ್ಣು ತಟ್ಟೆಯಂತೆ ಗಟ್ಟಿಯಾಗಿರುತ್ತದೆ. ಭತ್ತಕ್ಕೆ ಅದು ವರ. ನಿಂಬೆಗೆ ಅದು ಬಾವಿಗೆ ಬಿದ್ದ ಹಾಗೆ. ಮಾಗಿಯಲ್ಲಿ ಗಿಡ ಮಲಗಿದಾಗ ನೀರು ಕುಡಿಯುವುದು ಕಡಿಮೆ, ಬಿಸಿಲೂ ಕಡಿಮೆ, ಮಣ್ಣು ಆರುವುದಿಲ್ಲ. ಆ ಹೊತ್ತಿನಲ್ಲೇ ಪಾತಿ ತುಂಬಿಸಿದರೆ ಬುಡ ಕೊಳೆಯುತ್ತದೆ. ಸಾಯುವುದು ಚಳಿಗಾಲದಲ್ಲಿ ಕಾಣುವುದರಿಂದ ತಪ್ಪು ಚಳಿಯ ಮೇಲೆ ಹೋಗುತ್ತದೆ.

ಇದನ್ನೆಲ್ಲ ಮಾವನಿಗೆ ಹೇಳಿದಾಗ ಅವರು ಬಹಳ ಹೊತ್ತು ಮಾತಾಡಲಿಲ್ಲ. "ಅಂಗಾದ್ರೆ ನೀರು ಬುಟ್ಟಿದ್ದು ನಾನೇಯ ಅನ್ನು" ಅಂದರು. ನನಗೆ ಉತ್ತರ ಹೊಳೆಯಲಿಲ್ಲ. ಚಳಿ ಅಂದುಕೊಂಡಿದ್ದರೆ ದೇವರ ಆಟ ಅಂತ ಸುಮ್ಮನಾಗಬಹುದಿತ್ತು. ಅತ್ತೆಯೇ ಒಳಗಿನಿಂದ, "ಗೊತ್ತಿಲ್ದೆ ಬುಟ್ರಿ, ಬುಡಿ ಈಗ" ಅಂದರು.

ಆಮೇಲೆ ಮಾವ, ಪಕ್ಕದ ಜಮೀನಿನವರಿಬ್ಬರು, ನಾನು ಸೇರಿ ಮಣ್ಣು ತೆಗೆದುಕೊಂಡು ಸುತ್ತೂರಿನ ಕೃಷಿ ವಿಜ್ಞಾನ ಕೇಂದ್ರಕ್ಕೆ ಹೋಗಿ ಬಂದೆವು. ಗುಂಡಿ ತೋಡಿಸಿದ್ದ ಒಬ್ಬರದು ಗದ್ದೆ, ಅವರು ಗುಂಡಿ ಮುಚ್ಚಿ ಭತ್ತಕ್ಕೇ ಹೋದರು. ಇನ್ನೊಬ್ಬರದು ಮೇಲಿನ ಕೆಂಪು ಮಣ್ಣಿನ ಹೊಲ. ಅವರು ಗುಂಡಿ ಮುಚ್ಚಿ, ಅದೇ ಜಾಗದಲ್ಲಿ ಒಂದು ಮೊಳ ಎತ್ತರಕ್ಕೆ ಮಣ್ಣು ಏರಿಸಿ, ದಿಬ್ಬದ ಮೇಲೆ ಇಪ್ಪತ್ತೈದು ಗಿಡ ನೆಟ್ಟಿದ್ದಾರೆ. ನೀರಿನ ಪಾತಿ ಬುಡದಿಂದ ಎರಡು ಅಡಿ ಆಚೆ, ಬಳೆಯ ಹಾಗೆ. ಬುಡಕ್ಕೆ ನೀರು ಮುಟ್ಟುವುದಿಲ್ಲ, ಮಳೆಗಾಲಕ್ಕೆ ಮುಂಚೆ ಬೋರ್ಡೋ ಮುಲಾಮು ಹಚ್ಚುತ್ತಾರೆ.

ಮಾವ ಗದ್ದೆಗೆ ಮತ್ತೆ ಭತ್ತ ಹಾಕಿದರು. ಬದುವಿನ ಮೇಲಿನ ಮೂರು ಗಿಡ ಹಾಗೇ ಇವೆ. ಮೊನ್ನೆ ಹೋದಾಗ ಬೆಳಗಿನ ಇಬ್ಬನಿಯಲ್ಲಿ ಮೂರೂ ಬಿಳಿ ಹೂ ಬಿಟ್ಟು ನಿಂತಿದ್ದವು. ಅತ್ತೆ ಶಾಲು ಹೊದ್ದುಕೊಂಡು ಅದರ ಕೆಳಗೆ ಬಿದ್ದ ಎರಡು ಹಣ್ಣು ಹುಡುಕುತ್ತಿದ್ದರು.